‘ಡ್ರೌಟ್’, ‘ಫ್ಯಾಮಿನ್’ ಮತ್ತು ನಮ್ಮ ‘ಬರ’: ಪಾರಿಭಾಷಿಕ ವಿವೇಕವನ್ನು ಕುರಿತು

ಇಂಗ್ಲಿಷಿನ ‘ಡ್ರೌಟ್’ ಮತ್ತು ‘ಫ್ಯಾಮಿನ್’ ಎಂಬೆರಡು ಪದಗಳಿಗೆ ಕನ್ನಡದಲ್ಲಿ ನಾವು ಸಾಮಾನ್ಯವಾಗಿ ಬಳಸುತ್ತ ಬಂದಿರುವ ಸಮಾನಪದ ಒಂದೇ. ಅದು ‘ಬರ’. ಬೇಕೆನಿಸಿದಾಗ ‘ಬರಗಾಲ’ ಎನ್ನುತ್ತೇವೆ. ಬರವಣಿಗೆಗೆ ತುಸು ಗಾಂಭೀರ್ಯ ಬರಲೆಂದು ‘ಕ್ಷಾಮ’ ಎನ್ನುತ್ತೇವೆ. ಎರಡರ ನಡುವೆ ಅರ್ಥಭೇದವಿದೆಯೆಂದು ಭಾವಿಸಿ ಹಾಗೆ ಮಾಡುವುದಿಲ್ಲ, ಒಂದೇ ಪುಟದಲ್ಲಿ ಒಂದೇ ಪದ ಮರುಕಳಿಸದಿರಲಿ ಎಂಬ ಶೈಲಿಯ ಕಾಳಜಿಯಿಂದ ಮಾಡುತ್ತೇವೆ. ಸೃಜನಶೀಲ ಬರವಣಿಗೆಯಲ್ಲಿ ಇದರಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ಪ್ರಾದೇಶಿಕ ಚರಿತ್ರೆ, ಜಾನಪದ, ಸ್ಥಳೀಯ ಸಂಸ್ಕೃತಿ ಅಧ್ಯಯನಗಳು ನಮ್ಮ ಕನ್ನಡ ವಿಭಾಗಗಳ ಶೋಧಪ್ರಬಂಧಗಳ ಮುಖ್ಯ ವಸ್ತುಗಳಾಗಿರುವಾಗ, ಈ ಅಸ್ಪಷ್ಟತೆಯು ಕೇವಲ ಶೈಲಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಯಾರು ಸತ್ತರು, ಏಕೆ ಸತ್ತರು, ಅದಕ್ಕೆ ಹೊಣೆ ಯಾರು ಎಂಬ ಪ್ರಶ್ನೆಗಳಿಗೆ ಅದು ನೇರವಾಗಿ ತಗಲುತ್ತದೆ.

ಇತ್ತೀಚೆಗೆ ಅಭಿಪ್ರಾಯಕ್ಕಾಗಿ ನನ್ನ ಬಳಿ ಬಂದಿದ್ದ ಶೋಧಪ್ರಬಂಧವೊಂದರ ಕರಡು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಗ್ರಾಮಜೀವನವನ್ನು ಕುರಿತದ್ದಾಗಿತ್ತು. ಶ್ರದ್ಧೆಯಿಂದ ಮಾಡಿದ ಕೆಲಸ. ಅದರಲ್ಲಿ ‘1876ರ ಬರ’, ‘1972ರ ಕ್ಷಾಮ’, ‘2023ರ ಬರಗಾಲ’ ಎಂಬ ಪದಪುಂಜಗಳು ಒಂದರ ಪಕ್ಕದಲ್ಲೊಂದು ಬಂದಿದ್ದವು. ಓದುಗನಿಗೆ ಇವು ಮೂರೂ ಒಂದೇ ಬಗೆಯ ಘಟನೆಗಳೆಂದು ತೋರುತ್ತದೆ. ಅಷ್ಟೇ ಅಲ್ಲ, 1876ರದು ಬರಿಯ ಮಳೆಯ ಅಭಾವವೆಂದೂ, 1972ರದು ಅದಕ್ಕಿಂತ ಘೋರವಾದುದೆಂದೂ ಅರ್ಥವಾಗುತ್ತದೆ. ವಸ್ತುಸ್ಥಿತಿ ಇದಕ್ಕೆ ತೀರ ವಿರುದ್ಧ. ಈ ಕರಡು ಅಪವಾದವಲ್ಲ. ನಮ್ಮ ವಿಭಾಗಗಳ ಕಪಾಟುಗಳಲ್ಲಿರುವ ಪ್ರಬಂಧಗಳನ್ನು ತೆರೆದು ನೋಡಿದರೆ ಇಂಥ ಬಳಕೆ ಹೇರಳವಾಗಿ ಸಿಗುತ್ತದೆ.

ಮೊದಲು ಇಂಗ್ಲಿಷ್ ಪದಗಳ ಹುಟ್ಟನ್ನೇ ನೋಡಬಹುದು. ‘ಡ್ರೌಟ್’ ಎಂಬುದು ಹಳೆಯ ಇಂಗ್ಲಿಷಿನ, ‘ಒಣಗು’ ಎಂಬರ್ಥದ ಧಾತುವಿನಿಂದ ಬಂದುದು. ಇಂದಿನ ‘ಡ್ರೈ’ ಎಂಬ ಪದವೂ ಅದೇ ಬಳಗದ್ದು. ‘ಫ್ಯಾಮಿನ್’ ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದುದು. ಅದರ ಮೂಲದ ‘ಫಾಮೆಸ್’ ಎಂದರೆ ಹಸಿವು. ಒಂದು ನೆಲವನ್ನು ಕುರಿತ ಪದ, ಇನ್ನೊಂದು ಹೊಟ್ಟೆಯನ್ನು ಕುರಿತ ಪದ. ಇವೆರಡರ ನಡುವೆ ಕಾರ್ಯಕಾರಣ ಸಂಬಂಧ ಇರಬಹುದು, ಇಲ್ಲದಿರಬಹುದು. ನೆಲ ಒಣಗಿದರೂ ಹೊಟ್ಟೆ ತುಂಬಿರಬಹುದು. ನೆಲ ಹಸಿಯಾಗಿದ್ದರೂ ಜನ ಹಸಿವಿನಿಂದ ಸಾಯಬಹುದು. 1943ರ ಬಂಗಾಳದ ದುರಂತವು ಈ ಎರಡನೆಯ ಬಗೆಯದು. ಮಳೆ ಸಂಪೂರ್ಣ ಕೈಕೊಟ್ಟು ಉಂಟಾದ ಸ್ಥಿತಿ ಅದಲ್ಲ. ಯುದ್ಧಕಾಲದ ಬೆಲೆಯೇರಿಕೆ, ಅಕ್ಕಿಯ ದಾಸ್ತಾನು, ಸರಕಾರದ ನೀತಿ ಇವುಗಳ ನಡುವೆ ಲಕ್ಷಗಟ್ಟಲೆ ಜನ ಸತ್ತರು. ಅದನ್ನು ಕನ್ನಡದಲ್ಲಿ ‘ಬಂಗಾಳದ ಬರ’ ಎಂದು ಬರೆದಾಗ ನಮ್ಮ ಓದುಗನ ಮನಸ್ಸಿನಲ್ಲಿ ಮೂಡುವ ಚಿತ್ರ ಬಿರುಕುಬಿಟ್ಟ ಎರೆನೆಲದ್ದು. ಬಂಗಾಳಿಗಳು ಅದಕ್ಕೆ ಇಟ್ಟ ಹೆಸರು ‘ಮನ್ವಂತರ’. ಒಂದು ಯುಗವೇ ಮುಗಿದುಹೋಯಿತೆಂಬ ಧ್ವನಿ ಆ ಪದದಲ್ಲಿದೆ. ಮಳೆಯ ಮಾತು ಅದರಲ್ಲಿಲ್ಲ.

ಈಗ ನಮ್ಮ ಪದಕ್ಕೆ ಬರೋಣ. ‘ಬರ’ ಹಳಗನ್ನಡದಲ್ಲಿ ಶಕಟರೇಫೆಯುಳ್ಳ ‘ಬಱ’. ಬತ್ತು, ಬರಡು ಎಂಬ ಪದಗಳೂ, ತಮಿಳಿನ ‘ವಱಟ್ಚಿ’, ತೆಲುಗಿನ ‘ವಱಪು’ ಎಂಬ ಪದಗಳೂ ಇದರ ಬಳಗಕ್ಕೆ ಸೇರಿದವೆಂದು ದ್ರಾವಿಡ ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ಎಂದರೆ ಮೂಲದಲ್ಲಿ ಇದು ಒಣಗುವಿಕೆಯ ಪದ, ಇಂಗ್ಲಿಷಿನ ‘ಡ್ರೌಟ್’ ಪದದ ಸಮೀಪದ ಬಂಧು. ಆದರೆ ತಮಿಳು ತೆಲುಗುಗಳಲ್ಲಿ ನಡೆದದ್ದು ಬೇರೆ, ಕನ್ನಡದಲ್ಲಿ ನಡೆದದ್ದು ಬೇರೆ. ತಮಿಳು ಒಣಗುವಿಕೆಗೆ ‘ವಱಟ್ಚಿ’ಯನ್ನೂ ಹಸಿವಿನ ಸಾವಿಗೆ ‘ಪಂಜಂ’ ಎಂಬುದನ್ನೂ ಬೇರೆಬೇರೆಯಾಗಿ ಉಳಿಸಿಕೊಂಡಿತು. ತೆಲುಗು ಹಸಿವಿನ ಕಾಲಕ್ಕೆ ‘ಕರುವು’ ಎಂದಿತು. ಹಿಂದಿಯಲ್ಲಿ ‘ಸೂಖಾ’ ಮತ್ತು ‘ಅಕಾಲ್’ ಎಂಬ ಎರಡು ಪದಗಳಿವೆ. ಇಂಡಿ ತಾಲೂಕಿನ ಗಡಿಯಾಚೆಗೆ, ಭೀಮೆಯ ಆ ದಂಡೆಯಲ್ಲಿ, ಮರಾಠಿಗರಿಗೆ ‘ಅವರ್ಷಣ’, ‘ದುಷ್ಕಾಳ’, ‘ಟಂಚಾಯಿ’ ಎಂಬ ಮೂರು ಪದಗಳಿವೆ: ಮೊದಲನೆಯದು ಮಳೆಯಿಲ್ಲದಿರುವುದು, ಎರಡನೆಯದು ಕೆಟ್ಟ ಕಾಲ, ಮೂರನೆಯದು ಕೊರತೆ. ಕನ್ನಡದಲ್ಲಿ ಮಾತ್ರ ಬರವು ಒಣಗುವಿಕೆಯಿಂದ ಹೊರಟು ಹಸಿವನ್ನೂ ನುಂಗಿ, ಕೊನೆಗೆ ಎಲ್ಲ ಬಗೆಯ ಕೊರತೆಯನ್ನೂ ತನ್ನದಾಗಿಸಿಕೊಂಡಿತು. ‘ಅವನ ಬಳಿ ಮಾತಿಗೆ ಬರವಿಲ್ಲ’ ಎನ್ನುವಾಗ ಮಳೆಯೂ ಇಲ್ಲ, ಹಸಿವೂ ಇಲ್ಲ. ಹೀಗೆ ‘ಸ್ಕೇರ್ಸಿಟಿ’ ಎಂಬ ಮೂರನೆಯ ಇಂಗ್ಲಿಷ್ ಪದವೂ ನಮ್ಮ ಬರದೊಳಗೇ ಅಡಗಿದೆ.

ಸಂಸ್ಕೃತದಿಂದ ಬಂದ ಪದಗಳಲ್ಲಿ ಭೇದ ಸ್ಪಷ್ಟವಾಗಿತ್ತು. ‘ಅನಾವೃಷ್ಟಿ’ ಆಕಾಶದ ಸಂಗತಿ. ಅತಿವೃಷ್ಟಿ, ಇಲಿ, ಮಿಡತೆ, ಗಿಳಿ, ನೆರೆರಾಜರು ಇವುಗಳೊಂದಿಗೆ ಅದನ್ನು ಈತಿಬಾಧೆಗಳಲ್ಲಿ ಒಂದಾಗಿ ಎಣಿಸಿದ್ದರು. ಅಲ್ಲಿ ಅದು ಕಾರಣಗಳ ಪಟ್ಟಿಯಲ್ಲಿದೆ, ಪರಿಣಾಮವಾಗಿ ಅಲ್ಲ. ಪರಿಣಾಮಕ್ಕೆ ಇರುವ ಪದ ‘ದುರ್ಭಿಕ್ಷ’: ಭಿಕ್ಷೆ ಸಿಗುವುದು ಕಷ್ಟವಾದ ಕಾಲ. ಈ ಪದದ ಒಳನೋಟವನ್ನು ನಾವು ಸಾಕಷ್ಟು ಗಮನಿಸಿಲ್ಲವೆಂದು ನನ್ನ ಅನಿಸಿಕೆ. ಹಸಿವಿನ ಕಾಲವನ್ನು ಅದು ಮಳೆಯಿಂದಾಗಲಿ ಬೆಳೆಯಿಂದಾಗಲಿ ಅಳೆಯುವುದಿಲ್ಲ. ಉಳ್ಳವನ ಕೈಯಿಂದ ಇಲ್ಲದವನ ಕೈಗೆ ಅನ್ನ ದಾಟದಿರುವ ಸ್ಥಿತಿಯಿಂದ ಅಳೆಯುತ್ತದೆ. ಅಮರ್ತ್ಯ ಸೇನ್ ಅವರು 1981ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಫ್ಯಾಮಿನ್ ಎಂಬುದು ಆಹಾರದ ಇಲ್ಲದಿರುವಿಕೆಗಿಂತ, ಇರುವ ಆಹಾರವನ್ನು ಪಡೆಯುವ ಶಕ್ತಿ ಕೆಲವರಿಗೆ ಇಲ್ಲದಿರುವಿಕೆ ಎಂದು ವಾದಿಸಿದರು. ಆ ವಾದದ ಬೀಜ ‘ದುರ್ಭಿಕ್ಷ’ ಎಂಬ ಪದದಲ್ಲೇ ಇದೆ ಎಂದರೆ ಅತಿಶಯೋಕ್ತಿಯಾದೀತು. ಆದರೆ ಆ ವಾದವನ್ನು ಕನ್ನಡಕ್ಕೆ ತರಲು ಇರುವ ಪದಗಳಲ್ಲಿ ಅದಕ್ಕೆ ಹತ್ತಿರದ್ದು ಅದೇ ಎಂಬುದರಲ್ಲಿ ಸಂಶಯವಿಲ್ಲ. ‘ಕ್ಷಾಮ’ದ ದಾರಿ ಬೇರೆ. ಸಂಸ್ಕೃತದಲ್ಲಿ ಅದಕ್ಕೆ ಸೊರಗಿದ, ಕೃಶವಾದ ಎಂಬರ್ಥವಿದೆ. ಸೊರಗಿದ ದೇಹದಿಂದ ಸೊರಗಿಸುವ ಕಾಲಕ್ಕೆ ಅರ್ಥ ದಾಟಿಕೊಂಡಿದೆ. ಹಾಗಾಗಿ ಅದೂ ದೇಹವನ್ನು ಕುರಿತ ಪದವೇ.

ಸೇನ್ ಅವರ ವಾದವನ್ನು ಬರ ಎಂಬ ಒಂದೇ ಪದದಿಂದ ಅನುವಾದಿಸಲು ಹೊರಟವನ ಪಾಡು ನೋಡಿ. ‘ಡ್ರೌಟ್ ಬಂದಲ್ಲೆಲ್ಲ ಫ್ಯಾಮಿನ್ ಬರಬೇಕೆಂದಿಲ್ಲ’ ಎಂಬ ಸರಳ ವಾಕ್ಯವು ‘ಬರ ಬಂದಲ್ಲೆಲ್ಲ ಬರ ಬರಬೇಕೆಂದಿಲ್ಲ’ ಎಂದಾಗುತ್ತದೆ. ಇದು ಹಾಸ್ಯವೆನಿಸಬಹುದು. ಆದರೆ ಸಮಾಜವಿಜ್ಞಾನಗಳ ಕನ್ನಡ ಪಠ್ಯಗಳಲ್ಲಿ ಇಂಥ ವಾಕ್ಯಗಳನ್ನು ತಪ್ಪಿಸಲು ಅನುವಾದಕರು ಒಂದು ಕಡೆ ‘ಬರ’, ಇನ್ನೊಂದು ಕಡೆ ‘ಬರಗಾಲ’ ಎಂದು ಹಾಕಿ ಮುಂದೆ ಸಾಗುವುದುಂಟು; ಅಲ್ಲಿ ‘ಗಾಲ’ ಎಂಬ ಉತ್ತರಪದದ ಮೇಲೆ ಇಡೀ ಸಿದ್ಧಾಂತದ ಭಾರ ಬೀಳುತ್ತದೆ. ಅದು ಆ ಭಾರವನ್ನು ಹೊರಲಾರದು.

ಈ ಸಮಸ್ಯೆಯ ಚಾರಿತ್ರಿಕ ಮುಖವನ್ನು ಅರಿಯಲು ಮೇಲೆ ಹೇಳಿದ ನಾಲ್ಕು ತಾಲೂಕುಗಳಿಗಿಂತ ಒಳ್ಳೆಯ ನೆಲೆ ಸಿಗಲಾರದು. ಇವು ಮುಂಬಯಿ ಪ್ರಾಂತದಲ್ಲಿದ್ದಾಗ, 1880ರ ದಶಕದ ಆರಂಭದವರೆಗೂ, ಕಲಾದಗಿಯನ್ನು ಕೇಂದ್ರವಾಗಿಸಿಕೊಂಡ ಜಿಲ್ಲೆಗೆ ಸೇರಿದ್ದವು. 1876ರಿಂದ 78ರ ದುರಂತದಲ್ಲಿ ಮುಂಬಯಿ ಪ್ರಾಂತದ ಅತಿ ಹೆಚ್ಚು ಪೆಟ್ಟುತಿಂದ ಜಿಲ್ಲೆಗಳಲ್ಲಿ ಇದು ಒಂದು. 1872ರ ಜನಗಣತಿಯಲ್ಲಿ ಎಂಟು ಲಕ್ಷವನ್ನು ಮೀರಿದ್ದ ಜಿಲ್ಲೆಯ ಜನಸಂಖ್ಯೆಯು 1881ರ ಹೊತ್ತಿಗೆ ಆರೂವರೆ ಲಕ್ಷಕ್ಕಿಂತ ಕೆಳಗಿಳಿದಿತ್ತು. ಸತ್ತವರೂ, ನೆರೆಯ ಸೀಮೆಗಳಿಗೆ ಹೋಗಿ ಮರಳದವರೂ ಈ ವ್ಯತ್ಯಾಸದಲ್ಲಿ ಸೇರಿದ್ದಾರೆ. ಮಳೆ ಹೋದದ್ದು ಇದಕ್ಕೆ ಮೊದಲ ಕಾರಣ ನಿಜ. ಆದರೆ ಧಾನ್ಯದ ಬೆಲೆ ಕೂಲಿಯವನ ಕೈಗೆ ಎಟುಕದಂತೆ ಏರಿದ್ದು, ಅದೇ ಕಾಲದಲ್ಲಿ ಭಾರತದ ಬಂದರುಗಳಿಂದ ಧಾನ್ಯ ಹೊರಹೋಗುತ್ತಿದ್ದುದು, ಪರಿಹಾರ ಕಾಮಗಾರಿಗಳ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕಕ್ಕೆ ಇಳಿಸಬೇಕೆಂದು ರಿಚರ್ಡ್ ಟೆಂಪಲ್ 1877ರಲ್ಲಿ ಹಟ ಹಿಡಿದದ್ದು, ಇವು ಮಳೆಯ ಲೆಕ್ಕದಲ್ಲಿ ಬರುವ ಸಂಗತಿಗಳಲ್ಲ. ‘1876ರ ಬರ’ ಎಂದು ಬರೆದು ಮುಂದಕ್ಕೆ ಹೋಗುವ ಸಂಶೋಧಕ ತನಗರಿವಿಲ್ಲದೆಯೇ ಇವೆಲ್ಲವನ್ನೂ ಆಕಾಶದ ಖಾತೆಗೆ ಜಮಾ ಮಾಡುತ್ತಾನೆ.

ಆಳುವವರಿಗೆ ಪದಗಳ ಭೇದ ಚೆನ್ನಾಗಿ ಗೊತ್ತಿತ್ತು. ಈ ದುರಂತದ ನಂತರ ರಿಚರ್ಡ್ ಸ್ಟ್ರಾಚಿಯ ನೇತೃತ್ವದ ಆಯೋಗ 1880ರಲ್ಲಿ ವರದಿ ಸಲ್ಲಿಸಿತು. ಅದರ ಆಧಾರದ ಮೇಲೆ 1883ರಲ್ಲಿ ಫ್ಯಾಮಿನ್ ಕೋಡ್ ರೂಪುಗೊಂಡಿತು. ಇದರಲ್ಲಿ ಸ್ಕೇರ್ಸಿಟಿ ಬೇರೆ, ಫ್ಯಾಮಿನ್ ಬೇರೆ. ಎರಡನ್ನೂ ಅಳೆಯುವ ಕೋಲುಗಳೂ ಬೇರೆ. ಬೆಳೆಯ ಸ್ಥಿತಿಯನ್ನು ಅಳೆಯಲು ಆಣೆವಾರಿ ಇತ್ತು: ಪೂರ್ಣ ಬೆಳೆಯನ್ನು ಹದಿನಾರಾಣೆಯೆಂದು ಹಿಡಿದು, ಆ ವರ್ಷದ ಬೆಳೆ ಎಷ್ಟು ಆಣೆಯದೆಂದು ಕಣ್ಣಂದಾಜಿನಿಂದ ನಿಶ್ಚಯಿಸಿ, ಅದಕ್ಕನುಗುಣವಾಗಿ ಕಂದಾಯದ ವಸೂಲಿಯನ್ನು ಮುಂದೂಡುವ ಪದ್ಧತಿ. ಈ ಭಾಗದ ಹಿರಿಯರ ಬಾಯಲ್ಲಿ ಆಣೆವಾರಿ ಎಂಬ ಪದ ಇನ್ನೂ ಇದೆ. ಹದಿನಾರಾಣೆ ಎಂಬುದು ಪೂರ್ಣತೆಗೆ ನುಡಿಗಟ್ಟಾಗಿಯೂ ಉಳಿದಿದೆ. ಆದರೆ ಫ್ಯಾಮಿನ್ ಎಂದು ಘೋಷಿಸಲು ಹೊಲ ನೋಡಿದರೆ ಸಾಲದು, ಮನುಷ್ಯನನ್ನು ನೋಡಬೇಕು. ಅದಕ್ಕಾಗಿ ಪರೀಕ್ಷಾ ಕಾಮಗಾರಿಗಳನ್ನು ತೆರೆಯುತ್ತಿದ್ದರು. ಕಡಿಮೆ ಕೂಲಿ, ಕಷ್ಟದ ಕೆಲಸ. ಅಷ್ಟಕ್ಕೂ ಜನ ಸಾಲುಗಟ್ಟಿ ಬಂದರೆ ಫ್ಯಾಮಿನ್ ಇದೆಯೆಂದು ಅರ್ಥ. ಸ್ಕೇರ್ಸಿಟಿಯನ್ನು ಹೊಲದ ಮೇಲೆ ಅಳೆದರು, ಫ್ಯಾಮಿನ್ನನ್ನು ಕಲ್ಲು ಒಡೆಯುವ ದೇಹದ ಮೇಲೆ ಅಳೆದರು. ಇವೆರಡನ್ನೂ ‘ಬರ’ ಎಂದು ಅನುವಾದಿಸಿದಾಗ ಈ ಕ್ರೂರ ಲೆಕ್ಕಾಚಾರ ನಮ್ಮ ಓದುಗನ ಕಣ್ಣಿಗೆ ಬೀಳುವುದೇ ಇಲ್ಲ.

ಘೋಷಿಸದಿರುವುದೂ ಒಂದು ಆಡಳಿತ ತಂತ್ರವೇ. 1943ರಲ್ಲಿ ಬಂಗಾಳದಲ್ಲಿ ಫ್ಯಾಮಿನ್ ಕೋಡ್‌ನ ಅನ್ವಯ ಫ್ಯಾಮಿನ್ ಎಂದು ಘೋಷಣೆ ಆಗಲೇ ಇಲ್ಲ. ಘೋಷಿಸಿದರೆ ಕಾಯಿದೆಯಂತೆ ಕೊಡಬೇಕಾದ ಧಾನ್ಯವನ್ನು ಕೊಡಲೇಬೇಕಾಗುತ್ತಿತ್ತು. ಸ್ವಾತಂತ್ರ್ಯಾನಂತರವೂ ಈ ಪದಭೀತಿ ತೊಲಗಲಿಲ್ಲ. 1963ರಲ್ಲಿ ಮಹಾರಾಷ್ಟ್ರ ಶಾಸನಸಭೆ ತನ್ನ ಕಾನೂನುಗಳಿಂದ ‘ಫ್ಯಾಮಿನ್’ ಎಂಬ ಪದವನ್ನೇ ತೆಗೆದುಹಾಕುವ ಕಾಯಿದೆಯೊಂದನ್ನು ಮಾಡಿತು. ಆ ಸ್ಥಳಕ್ಕೆ ಬಂದದ್ದು ‘ಸ್ಕೇರ್ಸಿಟಿ’. ಇಂಡಿಯ ಉತ್ತರಕ್ಕಿರುವ ಸೋಲಾಪುರದ ಹಳ್ಳಿಗಳಲ್ಲಿ ಅಂದಿನಿಂದ ಕಾನೂನಿನ ಪ್ರಕಾರ ಫ್ಯಾಮಿನ್ ಬರುವಂತಿಲ್ಲ! ನಮ್ಮ ನಾಲ್ಕು ತಾಲೂಕುಗಳು 1956ರಲ್ಲೇ ಮೈಸೂರು ರಾಜ್ಯಕ್ಕೆ ಸೇರಿದ್ದರಿಂದ ಈ ಕಾಯಿದೆ ಅವಕ್ಕೆ ತಗಲಲಿಲ್ಲ. 2016ರಲ್ಲಿ ಭಾರತೀಯ ಹವಾಮಾನ ಇಲಾಖೆಯು ತನ್ನ ವರದಿಗಳಿಂದ ‘ಡ್ರೌಟ್’ ಪದವನ್ನೂ ಕೈಬಿಟ್ಟು ‘ಕೊರತೆಯ ವರ್ಷ’, ‘ಭಾರಿ ಕೊರತೆಯ ವರ್ಷ’ ಎಂಬರ್ಥದ ಇಂಗ್ಲಿಷ್ ಪದಪುಂಜಗಳನ್ನು ಬಳಕೆಗೆ ತಂದಿತು. ಇಲಾಖೆಯ ಸಮರ್ಥನೆ ತಾಂತ್ರಿಕವಾದುದು: ಮಳೆಯನ್ನು ಅಳೆಯುವುದಷ್ಟೇ ತನ್ನ ಕೆಲಸ, ಡ್ರೌಟ್ ಎಂದು ಘೋಷಿಸುವುದು ರಾಜ್ಯಗಳ ಕೆಲಸ. ಇದರಲ್ಲಿ ಹುರುಳಿಲ್ಲದಿಲ್ಲ. ಆದರೂ ಒಂದೂಕಾಲು ಶತಮಾನದ ಅವಧಿಯಲ್ಲಿ ಫ್ಯಾಮಿನ್ ಸ್ಕೇರ್ಸಿಟಿಯಾಗಿ, ಡ್ರೌಟ್ ಕೊರತೆಯಾಗಿ, ಪದಗಳು ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತ ಬಂದಿರುವುದನ್ನು ಭಾಷೆಯ ವಿದ್ಯಾರ್ಥಿಗಳಾದ ನಾವು ಗಮನಿಸದೆ ಇರಲಾಗದು.

ಕನ್ನಡದಲ್ಲಿ ಇದಕ್ಕೆ ತಿರುಗುಮುರುಗಾದ ಪ್ರಕ್ರಿಯೆ ನಡೆದಿದೆ. ಸರಕಾರಿ ಕನ್ನಡದಲ್ಲಿ ‘ಡ್ರೌಟ್’ ಎಂಬುದಕ್ಕೆ ‘ಬರ’ವೇ ಖಾಯಂ ಆಗಿದೆ. 2023ರಲ್ಲಿ ಕರ್ನಾಟಕ ಸರಕಾರ ಮೊದಲು 195, ಕೊನೆಗೆ 223 ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ‘ತೀವ್ರ’, ‘ಸಾಧಾರಣ’ ಎಂಬ ವರ್ಗೀಕರಣವನ್ನೂ ಮಾಡಿತು. 2016ರ ಕೇಂದ್ರದ ಕೈಪಿಡಿಯ ಪ್ರಕಾರ ತೀವ್ರವೆಂದಾದರೆ ಮಾತ್ರ ರಾಷ್ಟ್ರೀಯ ವಿಪತ್ತು ನಿಧಿಯ ನೆರವು. ಪರಿಹಾರಕ್ಕಾಗಿ ರಾಜ್ಯ 18,171 ಕೋಟಿ ರೂಪಾಯಿ ಕೇಳಿ, 2024ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, ಏಪ್ರಿಲಿನಲ್ಲಿ ಸುಮಾರು 3,454 ಕೋಟಿ ಪಡೆದದ್ದು ಎಲ್ಲರಿಗೂ ತಿಳಿದ ಸಂಗತಿ. ಆಗಲೇ ‘ಹಸಿರು ಬರ’ ಎಂಬ ಪದವೂ ಪ್ರಚಾರಕ್ಕೆ ಬಂತು: ತಡವಾಗಿ ಬಿದ್ದ ಮಳೆಗೆ ಹೊಲ ಹಸಿರಾಗಿ ಕಂಡರೂ ಕಾಳು ಕಟ್ಟದ ಸ್ಥಿತಿ. ಬರ ಮೂಲದಲ್ಲಿ ಬತ್ತುವಿಕೆಯ ಪದವೆಂಬುದನ್ನು ನೆನೆದರೆ ‘ಹಸಿರು ಬರ’ ವಿರೋಧಾಭಾಸ. ಆದರೆ ನೋಡುವ ಅಧಿಕಾರಿಗೂ ಬಿತ್ತಿದ ರೈತನಿಗೂ ನಡುವೆ ಇರುವ ಅಂತರವನ್ನು ಅದು ಚೆನ್ನಾಗಿ ಹಿಡಿದಿದೆ.

ಹಾಗಾದರೆ ಜನರ ‘ಬರ’ ಅಸ್ಪಷ್ಟವೆ? ಹಾಗೆ ಹೇಳುವುದು ಅವಸರದ ತೀರ್ಮಾನವಾಗುತ್ತದೆ. ಈ ಭಾಗದ ಆಡುಮಾತಿನಲ್ಲಿ ಭೇದವು ನಾಮಪದದಲ್ಲಿಲ್ಲ, ಕ್ರಿಯಾಪದದಲ್ಲಿದೆ. ‘ಮಳಿ ಹೋತು’ ಎನ್ನುವುದು ಒಂದು ಹಂತ. ‘ಬೆಳಿ ಹೋತು’ ಎನ್ನುವುದು ಅದರ ಮುಂದಿನದು. ‘ಬರ ಬಿತ್ತು’ ಎನ್ನುವಾಗ ಮಾತು ಹೊಲದಿಂದ ಮನೆಗೆ ಬಂದಿರುತ್ತದೆ. ಹಿಂಗಾರಿ ಜೋಳವನ್ನೇ ನೆಚ್ಚಿಕೊಂಡ ಈ ಎರೆನಾಡಿನಲ್ಲಿ ಮಳೆ ಹೋದದ್ದಕ್ಕೂ ಬರ ಬಿದ್ದದ್ದಕ್ಕೂ ನಡುವೆ ಒಂದು ವಸ್ತು ಇರುತ್ತಿತ್ತು: ನೆಲದಡಿಯ ಹಗೇವು. ಹಲವು ವರ್ಷ ಜೋಳವನ್ನು ಕೆಡದಂತೆ ಕಾಯುತ್ತಿದ್ದ ಹಗೇವು ತುಂಬಿದ್ದರೆ ಒಂದು ವರ್ಷದ ಮಳೆ ಹೋದರೂ ಅದು ಆ ಮನೆಗೆ ಬರವಲ್ಲ. ಹಗೇವು ಇಲ್ಲದವನಿಗೆ ಅದೇ ವರ್ಷ ಬರ. ಎಂದರೆ ಒಂದೇ ಊರಿನಲ್ಲಿ, ಒಂದೇ ಮಳೆಯ ಕೆಳಗೆ, ಒಂದು ಓಣಿಗೆ ಬಿದ್ದ ಬರ ಇನ್ನೊಂದು ಓಣಿಗೆ ಬೀಳದಿರುವುದು ಸಾಧ್ಯವಿತ್ತು. ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಡೋಣಿ ನದಿಯ ಬಯಲಿನ ಜೋಳದ ಸಮೃದ್ಧಿಯನ್ನು ಕುರಿತ ಗಾದೆ ಎಲ್ಲರಿಗೂ ಗೊತ್ತು. ಡೋಣಿ ಚೆನ್ನಾಗಿ ಬೆಳೆದರೆ ಓಣಿಗಳೆಲ್ಲ ಜೋಳವಾಗುತ್ತವೆಂಬ ಅದರ ಮಾತನ್ನು ನಾವು ಸಮೃದ್ಧಿಯ ವರ್ಣನೆಯಾಗಿ ಮಾತ್ರ ಓದುತ್ತೇವೆ. ಬೆಳೆದದ್ದು ಓಣಿಗೆ ತಲುಪುವ ಮಾತೂ ಅದರಲ್ಲಿದೆ.

ಇನ್ನು ಬರಗಳಿಗೆ ಜನ ಹೆಸರಿಟ್ಟು ಭೇದ ಕಲ್ಪಿಸಿಕೊಂಡದ್ದೂ ಉಂಟು. 1791–92ರ ದುರಂತವನ್ನು ಈ ಸೀಮೆಯಲ್ಲಿ ‘ಡೋಗಿ ಬರ’ ಎಂದು ಕರೆದರು. ಹೂಳುವವರಿಲ್ಲದೆ ಬಿದ್ದ ತಲೆಬುರುಡೆಗಳಿಂದ ನೆಲ ತುಂಬಿದ್ದರಿಂದ ಈ ಹೆಸರು ಬಂತೆಂದು ಮುಂಬಯಿ ಪ್ರಾಂತದ ಗೆಝೆಟಿಯರ್ ವಿವರಿಸುತ್ತದೆ. ಇಲ್ಲಿ ‘ಬರ’ಕ್ಕೆ ಹತ್ತಿದ ವಿಶೇಷಣವೇ ಅದನ್ನು ಫ್ಯಾಮಿನ್ ಎಂದು ಸಾರುತ್ತದೆ. ಅದೇ ಹಿರಿಯರು ‘ಎಪ್ಪತ್ತೆರಡರ ಬರ’ ಎನ್ನುವಾಗ ತಲೆಬುರುಡೆಗಳ ಮಾತು ಬರುವುದಿಲ್ಲ. ಗಂಜಿ ಕೇಂದ್ರದ, ಕಡಿ ಒಡೆದ ಬರಗಾಲ ಕಾಮಗಾರಿಯ, ಗುಳೆ ಹೋದವರ ಮಾತು ಬರುತ್ತದೆ. 1972–73ರಲ್ಲಿ ದಖ್ಖನಿನ ಈ ಭಾಗದಲ್ಲಿ ಆದದ್ದು ಭೀಕರ ಡ್ರೌಟ್. ಸಾರ್ವಜನಿಕ ಕಾಮಗಾರಿಗಳು ದೊಡ್ಡ ಪ್ರಮಾಣದಲ್ಲಿ ನಡೆದದ್ದರಿಂದ ಅದು ಹಳೆಯ ಕಾಲದಂತೆ ಫ್ಯಾಮಿನ್ ಆಗಲಿಲ್ಲವೆಂಬುದು ಅರ್ಥಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪುವ ಮಾತು. ಇದನ್ನು ‘1972ರ ಕ್ಷಾಮ’ ಎಂದು ಬರೆಯುವುದು ಕಷ್ಟಪಟ್ಟವರ ಬಗ್ಗೆ ಗೌರವವೆಂದು ಕೆಲವರು ತಿಳಿಯುತ್ತಾರೆ. ನನಗೆ ಹಾಗನಿಸುವುದಿಲ್ಲ. ಸಾವನ್ನು ತಡೆದದ್ದು ಏನು ಎಂಬ ಪ್ರಶ್ನೆಯನ್ನೇ ಅದು ಮುಚ್ಚಿಬಿಡುತ್ತದೆ.

ಕ್ಷೇತ್ರಕಾರ್ಯದಲ್ಲಿ ಇದರ ಪರಿಣಾಮ ಇನ್ನೂ ನೇರ. ಇಂಗ್ಲಿಷ್ ಮಾದರಿಯ ಪ್ರಶ್ನಾವಳಿಯಲ್ಲಿನ ಡ್ರೌಟ್ ವರ್ಷಗಳ ಪ್ರಶ್ನೆಯನ್ನು ‘ನಿಮ್ಮ ಊರಿಗೆ ಯಾವ ಯಾವ ವರ್ಷ ಬರ ಬಿದ್ದಿತ್ತು?’ ಎಂದು ಕೇಳಿದರೆ ಸಿಂದಗಿಯ ಸಾಹುಕಾರನೊಬ್ಬನೂ ಅದೇ ಊರಿನ ಕೂಲಿಯೊಬ್ಬಳೂ ಕೊಡುವ ಪಟ್ಟಿಗಳು ಒಂದೇ ಆಗಿರಬೇಕಾಗಿಲ್ಲ. ಇದನ್ನು ನೆನಪಿನ ದೋಷವೆಂದು ಸಂಶೋಧಕ ತಳ್ಳಿಹಾಕಬಾರದು. ಅವರು ಎರಡು ಬೇರೆ ಇಂಗ್ಲಿಷ್ ಪ್ರಶ್ನೆಗಳಿಗೆ ಉತ್ತರ ಕೊಟ್ಟಿರುತ್ತಾರೆ.

ರೈಲಿನ ಉದಾಹರಣೆಯೊಂದನ್ನು ಇಲ್ಲಿ ನೆನೆಯಬಹುದು. ಹೋಟಗಿಯಿಂದ ವಿಜಯಪುರದ ಮೇಲೆ ಗದಗಕ್ಕೆ ಹೋಗುವ ಮಾರ್ಗವು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯಿಂದ ಸಂಚಾರಕ್ಕೆ ಸಿದ್ಧವಾಯಿತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್, ಆಲಮಟ್ಟಿ ನಿಲ್ದಾಣಗಳು ಅದರ ಮೇಲಿವೆ. ಸಿಂದಗಿ, ಮುದ್ದೇಬಿಹಾಳಗಳನ್ನು ಅದು ಮುಟ್ಟಲಿಲ್ಲ. ಇಂಗ್ಲಿಷ್ ದಾಖಲೆಗಳಲ್ಲಿ ಇದು ಫ್ಯಾಮಿನ್ ತಡೆಯುವ ಉದ್ದೇಶದ ಮಾರ್ಗ. ಕನ್ನಡದಲ್ಲಿ ‘ಬರ ನಿವಾರಣೆಯ ರೈಲು’ ಎಂದರೆ ಅರ್ಥವೇ ಕೆಡುತ್ತದೆ, ಏಕೆಂದರೆ ರೈಲು ಮಳೆ ತರಲಾರದು. ಮಳೆ ಹೋದ ಸೀಮೆಗೆ ಬೇರೆಡೆಯಿಂದ ಧಾನ್ಯ ತರುವುದಷ್ಟೇ ಅದರ ಕೆಲಸ; ಬೆಲೆ ಹೆಚ್ಚಿದ್ದ ಕಡೆಗೆ ಇಲ್ಲಿಂದ ಧಾನ್ಯ ಹೊತ್ತೊಯ್ಯುವುದೂ ಅದೇ ರೈಲೇ. ಪದಗಳನ್ನು ಬೇರ್ಪಡಿಸದೆ ಈ ಇಬ್ಬಗೆಯನ್ನು ಹೇಳುವುದೇ ಸಾಧ್ಯವಿಲ್ಲ.

ಸಾಹಿತ್ಯದ ಅನುವಾದದಲ್ಲಿಯೂ ಈ ಇಕ್ಕಟ್ಟು ಎದುರಾಗಿದೆ. ಯು.ಆರ್. ಅನಂತಮೂರ್ತಿಯವರ ‘ಬರ’ ಕತೆಯನ್ನು ಎಂ.ಎಸ್. ಸತ್ಯು ಅವರು 1980ರ ದಶಕದ ಆರಂಭದಲ್ಲಿ ಚಲನಚಿತ್ರವಾಗಿಸಿದಾಗ ಕನ್ನಡದಲ್ಲಿ ಅದೇ ಹೆಸರು ಉಳಿಯಿತು; ಹಿಂದಿಯ ಆವೃತ್ತಿ ‘ಸೂಖಾ’ ಆಯಿತು, ‘ಅಕಾಲ್’ ಆಗಲಿಲ್ಲ. ಜಿಲ್ಲೆಯನ್ನು ಬರಪೀಡಿತವೆಂದು ಘೋಷಿಸಬೇಕೆಂದು ಪಟ್ಟುಹಿಡಿಯುವ ಅಧಿಕಾರಿ, ಘೋಷಣೆಯ ಸುತ್ತ ನಡೆಯುವ ರಾಜಕಾರಣ ಇವೇ ಅದರ ಕೇಂದ್ರ. ಹಿಂದಿ ಒಂದು ಅರ್ಥವನ್ನು ಆರಿಸಿಕೊಳ್ಳಲೇಬೇಕಾಯಿತು, ಆರಿಸಿಕೊಂಡಿತು. 2016ರಲ್ಲಿ ಚಂದನ್ ಗೌಡ ಅವರು ಕತೆಯನ್ನು ಇಂಗ್ಲಿಷಿಗೆ ತಂದಾಗ ಶೀರ್ಷಿಕೆಯನ್ನು ‘ಬರ’ ಎಂದೇ ಬಿಟ್ಟರು. ಇದು ವಿವೇಕದ ನಿರ್ಧಾರವೆಂದು ನನಗನಿಸುತ್ತದೆ. ಎದುರು ದಿಕ್ಕಿನಲ್ಲಿ, ಪಿ. ಸಾಯಿನಾಥ್ ಅವರ 1996ರ ಕೃತಿಯನ್ನು ಜಿ.ಎನ್. ಮೋಹನ್ ಅವರು ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ಕನ್ನಡಿಸಿದಾಗ ಮೂಲದ ‘ಡ್ರೌಟ್’ ಸರಿಯಾಗಿಯೇ ‘ಬರ’ವಾಯಿತು, ‘ಕ್ಷಾಮ’ ಎಂದಿದ್ದರೆ ಶೀರ್ಷಿಕೆಯ ವ್ಯಂಗ್ಯ ಅಸಹ್ಯವಾಗಿಬಿಡುತ್ತಿತ್ತು. ಪ್ರತಿಭಾವಂತ ಅನುವಾದಕರ ಕಿವಿಗೆ ಕೇಳಿಸುವ ಈ ಭೇದವು ನಮ್ಮ ಪದಕೋಶಗಳಿಗೂ ಕೇಳಿಸಬೇಕು.

ನನ್ನ ಸೂಚನೆ ಹೀಗಿದೆ. ಶಾಸ್ತ್ರೀಯ ಬರವಣಿಗೆಯಲ್ಲಿ ‘ಡ್ರೌಟ್’ ಎಂಬುದಕ್ಕೆ ‘ಬರ’ವನ್ನೇ ಇಟ್ಟುಕೊಳ್ಳೋಣ. ‘ಅನಾವೃಷ್ಟಿ’ ಹೆಚ್ಚು ಖಚಿತವೆಂದು ವಾದಿಸುವವರಿದ್ದಾರೆ; ಆದರೆ ಅದು ಮಳೆಯನ್ನು ಮಾತ್ರ ಹೇಳುತ್ತದೆ. ಮಣ್ಣಿನ ತೇವ ಆರುವುದು, ಕೆರೆ ಬಾವಿ ಬತ್ತುವುದು, ಅಕಾಲದ ಮಳೆಗೆ ಕಾಳು ಕಟ್ಟದಿರುವುದು ಅದರಲ್ಲಿ ಸೇರುವುದಿಲ್ಲ. ಅಲ್ಲದೆ ಆಡಳಿತ, ಪತ್ರಿಕೆ, ಶಾಲೆ ಎಲ್ಲೆಡೆ ನೆಲೆಗೊಂಡ ‘ಬರ’ವನ್ನು ಕಿತ್ತುಹಾಕುವ ಶಕ್ತಿ ವಿಶ್ವವಿದ್ಯಾಲಯಗಳಿಗೆ ಇಲ್ಲ. ‘ಫ್ಯಾಮಿನ್’ ಎಂಬುದಕ್ಕೆ ‘ಕ್ಷಾಮ’ವನ್ನು ಮೀಸಲಿಟ್ಟು, ಹಸಿವಿನಿಂದ, ಅದರ ಬೆನ್ನಿಗೆ ಬರುವ ರೋಗಗಳಿಂದ, ಜನ ಸಾಮೂಹಿಕವಾಗಿ ಸತ್ತ ಸಂದರ್ಭಗಳಿಗೆ ಮಾತ್ರ ಬಳಸೋಣ. ‘ಸ್ಕೇರ್ಸಿಟಿ’ ಗೆಝೆಟಿಯರುಗಳಲ್ಲಿ ಬಂದಾಗ ‘ಅಭಾವ’ ಎಂದು ಉದ್ಧರಣ ಚಿಹ್ನೆಯೊಳಗೇ ಇಡೋಣ. ಅದು ವಸ್ತುಸ್ಥಿತಿಯ ವರ್ಣನೆಯಲ್ಲ, ಕಚೇರಿಯ ವರ್ಗವೆಂಬುದು ಓದುಗನಿಗೆ ಮರೆಯದಿರಲಿ. ಇಂಗ್ಲಿಷಿನ ಹಳೆಯ ‘ಡರ್ತ್’ ಪದಕ್ಕೆ, ಅದು ಬೆಲೆಯೇರಿಕೆಯ ಪದವಾದ್ದರಿಂದ, ‘ತುಟ್ಟಿ ಕಾಲ’ ಎನ್ನುವುದು ಒಳ್ಳೆಯದು. ತುಟ್ಟಿಭತ್ಯೆಯ ಕಂತನ್ನು ಎದುರುನೋಡುವ ಅಧ್ಯಾಪಕರಿಗೆ ಆ ಪದದ ಅರ್ಥವನ್ನು ವಿವರಿಸಬೇಕಾಗಿಲ್ಲ.

‘ಕ್ಷಾಮ’ ಸಂಸ್ಕೃತದ್ದು, ಜನರದಲ್ಲ, ದೇಸಿಯ ನೆಲೆಯಿಂದ ಅಧ್ಯಯನ ಮಾಡುವವರು ಅದನ್ನು ಏಕೆ ಹೇರಬೇಕು ಎಂಬ ಆಕ್ಷೇಪ ಬಂದೀತು. ಆಕ್ಷೇಪದ ಅರ್ಧಭಾಗ ನನಗೂ ಒಪ್ಪಿಗೆ. ಜನ ‘ಬರ’ ಎಂದದ್ದನ್ನು ಉದ್ಧರಿಸುವಾಗ, ಹಾಡು ಗಾದೆ ಕತೆಗಳನ್ನು ಸಂಪಾದಿಸುವಾಗ, ಒಂದಕ್ಷರವನ್ನೂ ತಿದ್ದಬಾರದು. ‘ಡೋಗಿ ಬರ’ ಅಂಕಿತನಾಮ. ಅದು ‘ಡೋಗಿ ಕ್ಷಾಮ’ ಆಗಬೇಕಿಲ್ಲ. ಆದರೆ ವಿವರಣೆ ನಮ್ಮದು. ‘ಜನರ ಪದ’ ಎಂಬ ನೆಪದಲ್ಲಿ ವಿವರಣೆಯಲ್ಲಿಯೂ ಒಂದೇ ಪದವನ್ನು ಹೊರಳಿಸಿದರೆ, ಜನ ಕ್ರಿಯಾಪದಗಳಿಂದಲೂ ವಿಶೇಷಣಗಳಿಂದಲೂ ಜಾಗರೂಕತೆಯಿಂದ ಕಾಯ್ದುಕೊಂಡ ಭೇದವನ್ನು ನಾವೇ ಅಳಿಸಿದಂತಾಗುತ್ತದೆ.

ಪತ್ರಿಕೆಗಳಲ್ಲಿ ಬೇಸಿಗೆ ಬಂದೊಡನೆ ಕಾಣಿಸಿಕೊಳ್ಳುವ ‘ಜಲಕ್ಷಾಮ’ದ ಬಗೆಗೂ ಒಂದು ಮಾತು ಹೇಳಬೇಕು. ನಲ್ಲಿಯಲ್ಲಿ ಮೂರು ದಿನ ನೀರು ಬರದಿರುವುದಕ್ಕೆ ಈ ಪದ ಈಗ ಸಾಮಾನ್ಯವಾಗಿದೆ. ‘ಮೇವಿನ ಬರ’ ಎಂಬುದು ನಮ್ಮ ನುಡಿಯ ಜಾಯಮಾನಕ್ಕೆ ಒಗ್ಗುವ ಪ್ರಯೋಗ. ‘ನೀರಿನ ಬರ’ವೂ ಅಷ್ಟೆ. ‘ಜಲಕ್ಷಾಮ’ ಹಾಗಲ್ಲ. ಸಾವಿನ ಪದವೊಂದನ್ನು ಟ್ಯಾಂಕರು ತಡವಾದದ್ದಕ್ಕೆ ವ್ಯಯಿಸಿದರೆ, ಕಲಾದಗಿ ಜಿಲ್ಲೆಯ ಒಂದೂವರೆ ಲಕ್ಷಕ್ಕೂ ಮಿಕ್ಕಿ ಜನ ಹತ್ತು ವರ್ಷದೊಳಗೆ ಲೆಕ್ಕದಿಂದ ಮಾಯವಾದದ್ದನ್ನು ಬರೆಯಲು ಕುಳಿತವನಿಗೆ ಬೇರೆ ಪದ ಉಳಿಯುವುದಿಲ್ಲ. ವಿಭಾಗಗಳು ಹೊಸ ಪದಕೋಶಗಳನ್ನು ಸಿದ್ಧಪಡಿಸುವಾಗ ‘ಬರ’ ಮತ್ತು ‘ಕ್ಷಾಮ’ಗಳನ್ನು ಪರಸ್ಪರ ಪರ್ಯಾಯಗಳಾಗಿ ಒಂದೇ ಸಾಲಿನಲ್ಲಿ ಅಲ್ಪವಿರಾಮ ಹಾಕಿ ಕೊಡುವ ರೂಢಿಯನ್ನು ಕೈಬಿಟ್ಟು, ಎರಡು ಪ್ರತ್ಯೇಕ ಉಲ್ಲೇಖಗಳಾಗಿ, ಪ್ರಯೋಗದ ಉದಾಹರಣೆಗಳೊಂದಿಗೆ ಕೊಡಬೇಕೆಂಬುದು ನನ್ನ ಒತ್ತಾಯ.